ಹಳದಿ ದೀಪದ ಕೋಣೆ

18 ನವೆಂಬರ್ 2024, ಸೋಮವಾರ. ಬೆಂಗಳೂರು

ಸೂಜಿಪಟ್ಟಿಯ ಕೆಲಸಕ್ಕೆ ಅಂತೂ ಒಪ್ಪಿಗೆ ಸಿಕ್ಕಿತು. ಸೆಂಟಿಮೀಟರಿಗೂ ಕಡಿಮೆ ಅಗಲದ ಪಟ್ಟಿಯಲ್ಲಿ ನೂರು ಸೂಜಿ. ಒಂದೊಂದೂ ಅರ್ಧ ಮಿಲಿಮೀಟರ್ ಎತ್ತರ, ಬುಡದಲ್ಲಿ 200 ಮೈಕ್ರಾನ್, ತುದಿ ಎಷ್ಟು ಚೂಪಾಗಬಲ್ಲದೋ ಅಷ್ಟು. ಔಷಧ ವಿಭಾಗದವರಿಗೆ ಬೇಕಾಗಿರುವುದು ಅಂಟಿಸಿದರೆ ಚರ್ಮದೊಳಗೆ ಕರಗಿಹೋಗುವ ಲಸಿಕೆ. ಚರ್ಮದ ಹೊರಗಿನ ಸತ್ತ ಪದರ ಹತ್ತಿಪ್ಪತ್ತು ಮೈಕ್ರಾನ್ ಮಾತ್ರ. ಅದನ್ನು ದಾಟಿಬಿಟ್ಟರೆ ರೋಗನಿರೋಧಕ ಕೋಶಗಳು ಅಲ್ಲೇ ಕಾದು ಕೂತಿವೆ. ಸೂಜಿ ಇಷ್ಟು ಗಿಡ್ಡವಾಗಿದ್ದರೆ ನೋವೂ ಹೆಚ್ಚು ಗೊತ್ತಾಗುವುದಿಲ್ಲ.

ಲ್ಯಾಬಿನ ಮುಖ್ಯಸ್ಥೆ ಮೇಡಂ ಎರಡು ಯೋಜನೆ ಮುಂದಿಟ್ಟಿದ್ದರು. ಒಂದು ಇದು. ಇನ್ನೊಂದು, ಜೀವಂತ ಕೋಶಗಳನ್ನು ತುಂಬಿದ ಜೆಲ್ಲಿನೊಳಗೆ ಅವಕ್ಕೆ ಹತ್ತಿ ನಿಲ್ಲಲು ಲೇಸರಿನಿಂದ ಹಂದರ ಕಟ್ಟುವುದು. ಹುಡುಗರೆಲ್ಲ ಎರಡನೆಯದರ ಕಡೆ. ಸೂಜಿ ಅಂದರೆ ಅವರಿಗೆ ವರ್ಕ್‌ಶಾಪ್ ಕೆಲಸ. ನಾನು ವರ್ಕ್‌ಶಾಪಿನಿಂದಲೇ ಬಂದವಳು, ನನ್ನ ಮತ ಸೂಜಿಗೆ. ಹಸಿ ರಾಳದೊಳಗೆ ಲೇಸರಿನಿಂದ ಬರೆದು ಗಟ್ಟಿ ಮಾಡುವ ಯಂತ್ರದ ಸಮಯ ಜನವರಿ ಕೊನೆಯವರೆಗೆ ನಮಗೆ, ಆಮೇಲೆ ಅವರಿಗೆ.

20 ನವೆಂಬರ್, ಬುಧವಾರ

ಹೊಸದಾಗಿ ಸೇರಿದ ಹುಡುಗಿ ಪವರ್ ಮೀಟರ್ ನೋಡಿ ಮುಖ ಸಪ್ಪೆ ಮಾಡಿಕೊಂಡಳು. "ಇಪ್ಪತ್ತೇ ಮಿಲಿವ್ಯಾಟಾ ಮೇಡಂ? ಇದರಲ್ಲಿ ಏನು ಗಟ್ಟಿಯಾಗುತ್ತೆ?"

ಬೋರ್ಡಿನ ಮೇಲೆ ಬರೆದೇ ತೋರಿಸಿದೆ. ನಮ್ಮ ಲೇಸರ್ ಸೆಕೆಂಡಿಗೆ ಎಂಟು ಕೋಟಿ ಸಲ ಮಿಡಿಯುತ್ತದೆ. ಒಂದು ಮಿಡಿತ 100 ಫೆಮ್ಟೊಸೆಕೆಂಡ್, ಅಷ್ಟರಲ್ಲಿ ಬೆಳಕು ನಡೆಯುವುದು 30 ಮೈಕ್ರಾನ್. ಎರಡು ಮಿಡಿತಗಳ ನಡುವಿನ ಬಿಡುವು ಹನ್ನೆರಡೂವರೆ ನ್ಯಾನೋಸೆಕೆಂಡ್. ಅಂದರೆ ಉರಿದ ಹೊತ್ತಿನ ಒಂದೂಕಾಲು ಲಕ್ಷ ಪಟ್ಟು ಹೊತ್ತು ಅದು ಆರಿಯೇ ಇರುತ್ತದೆ. ಇಪ್ಪತ್ತು ಮಿಲಿವ್ಯಾಟ್ ಎನ್ನುವುದು ಆ ಆರಿದ ಹೊತ್ತನ್ನೂ ಸೇರಿಸಿ ತೆಗೆದ ಸರಾಸರಿ. ಉರಿಯುವ ಆ ಒಂದು ಗಳಿಗೆಯಲ್ಲಿ ಎರಡೂವರೆ ಕಿಲೋವ್ಯಾಟ್. ಅದೆಲ್ಲವನ್ನೂ ಮಸೂರ ಒಂದು ಮೈಕ್ರಾನಿಗೂ ಕಿರಿದಾದ ಜಾಗಕ್ಕೆ ತಂದು ಸುರಿಯುತ್ತದೆ.

ಆದರೂ ರಾಳ ಹೆಚ್ಚು ಬಿಸಿಯಾಗುವುದಿಲ್ಲ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಮಿಡಿತ ಮುಗಿದಾಗ ಸುತ್ತಲಿನ ಅಣುಗಳಿಗೆ ಶಾಖ ಇನ್ನೂ ಮುಟ್ಟಿಯೇ ಇರುವುದಿಲ್ಲ, ರಾಳ ನುಂಗುವುದೂ ಆ ಬೆಳಕಿನ ಅತಿ ಸಣ್ಣ ಪಾಲು ಮಾತ್ರ ಎಂದೆ. ಪುಸ್ತಕ ನೋಡುತ್ತೇನೆ ಎಂದು ಹೋದಳು. ನೋಡಲಿ, ಇಂಥವರೇ ಉಳಿಯುವುದು.

28 ನವೆಂಬರ್, ಗುರುವಾರ

ಅಣ್ಣನ ಮಗಳಿಗೆ ಮುಂದಿನ ವಾರ ಕಣ್ಣಿನ ಲೇಸರ್. ಕನ್ನಡಕ ಬಿಡಬೇಕಂತೆ. ಅತ್ತಿಗೆ ಫೋನಿನಲ್ಲಿ, "ನಿಮ್ಮ ಲ್ಯಾಬಿನಲ್ಲಿರೋದೇ ಲೇಸರಾ ಅದು? ಕಣ್ಣು ಸುಡಲ್ವಾ?" ಎಂದು ಕೇಳಿದರು. ಅದೇ ಜಾತಿಯದು ಎಂದೆ, ಅವರಿಗೆ ಧೈರ್ಯಕ್ಕಿಂತ ಭಯವೇ ಹೆಚ್ಚಾದಂತಿತ್ತು.

ಅದೇ ಜಾತಿ ಎಂಬ ಮಾತಿನ ಹಿಂದೆ ಒಂದು ಅಪಘಾತ ಇದೆ, ಅದನ್ನು ಅತ್ತಿಗೆಗೆ ಹೇಳಲಿಲ್ಲ. 1990ರ ದಶಕದ ಆರಂಭ, ಮಿಶಿಗನ್ ವಿಶ್ವವಿದ್ಯಾಲಯದ ಅತಿವೇಗದ ಲೇಸರ್ ಕೇಂದ್ರ. ಕನ್ನಡಿ ಹೊಂದಿಸುತ್ತಿದ್ದ ಸಂಶೋಧನ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಬೆಳಕು ಬಿತ್ತು. ಪರೀಕ್ಷೆ ಮಾಡಿದ ಯುವ ವೈದ್ಯ ರಾನ್ ಕರ್ಟ್ಜ್‌ಗೆ ಅಕ್ಷಿಪಟದ ಮೇಲೆ ಕಂಡದ್ದು ಅಂಚು ಕದಡದ, ಅಚ್ಚುಕಟ್ಟಾದ ಗುರುತುಗಳು. ಬೇರೆ ಲೇಸರುಗಳು ಮಾಡುವ ಹರಕು ಗಾಯ ಅದಾಗಿರಲಿಲ್ಲ. ಇಷ್ಟು ನಾಜೂಕಾಗಿ ಸುಡುವ ಲೇಸರ್ ಯಾವುದು ಎಂದು ಆತ ವಿಚಾರಿಸುತ್ತ ಹೋದದ್ದರಿಂದ ಅಲಗಿಲ್ಲದ ಲಾಸಿಕ್ ಹುಟ್ಟಿತು. ಪಾರದರ್ಶಕವಾದ ಕಾರ್ನಿಯಾದ ಮೇಲ್ಮೈಯನ್ನು ಮುಟ್ಟದೆ, ಒಳಗೆ ನಿಗದಿಯಾದ ಆಳದಲ್ಲಿ ಸೂಕ್ಷ್ಮ ಗುಳ್ಳೆಗಳನ್ನು ಒತ್ತೊತ್ತಾಗಿ ಎಬ್ಬಿಸಿ ಪದರ ಬಿಡಿಸುತ್ತಾರೆ. ಆ ಹುಡುಗ ರಕ್ಷಣೆಯ ಕನ್ನಡಕ ಹಾಕಿಕೊಂಡಿರಲಿಲ್ಲ ಎಂಬುದನ್ನು ಮಾತ್ರ ಹೊಸಬರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ.

ಇವತ್ತು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್. ಕಣ್ಣಿನ ಲೇಸರಿನ ಇನ್ನೊಂದು ಅರ್ಧ ಕಥೆ ಶುರುವಾದದ್ದು ಆ ಹಬ್ಬದ ಮಾರನೆಯ ದಿನ. 1981ರಲ್ಲಿ ಐಬಿಎಂ ಪ್ರಯೋಗಾಲಯಕ್ಕೆ ಮದ್ರಾಸಿನ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಒಯ್ದು, ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಸುಟ್ಟ ಕಲೆಯಿಲ್ಲದ ಸೀಳು ಬಿತ್ತು. ಅದು 193 ನ್ಯಾನೋಮೀಟರಿನ ನೇರಳಾತೀತ, ಮಿಡಿತವೂ ನ್ಯಾನೋಸೆಕೆಂಡಿನದು. ಮೇಲ್ಮೈಯಲ್ಲೇ ಹೀರಿಹೋಗುತ್ತದೆ, ಒಳಗಿಳಿಯುವುದಿಲ್ಲ. ಲಾಸಿಕ್‌ನಲ್ಲಿ ಈಗ ಎರಡಕ್ಕೂ ಕೆಲಸ. ಪದರ ಬಿಡಿಸುವುದು ನಮ್ಮ ಜಾತಿಯದು, ಒಳಗೆ ಹೆರೆದು ಆಕಾರ ಕೊಡುವುದು ಶ್ರೀನಿವಾಸನ್ ಅವರದು. ಪತ್ರಿಕೆಗಳಲ್ಲಿ ಎರಡನ್ನೂ ಸೇರಿಸಿ "ಲೇಸರ್" ಎಂದು ಬರೆದು ಮುಗಿಸುತ್ತಾರೆ.

2 ಡಿಸೆಂಬರ್, ಸೋಮವಾರ

ಫೆಂಜಲ್ ಚಂಡಮಾರುತದ ಮಳೆ ಬಿಟ್ಟಿಲ್ಲ. ಎಸಿಗೆ ತೇವ ಎಳೆದು ಪೂರೈಸುತ್ತಿಲ್ಲ, ಬೆಳಿಗ್ಗೆಯಿಂದ ಎರಡು ಸಲ ಕರೆಂಟೂ ಹೋಯಿತು. ಕೋಣೆ ಒಂದು ಡಿಗ್ರಿ ಏರಿದರೂ ಕನ್ನಡಿಗಳು ಕೂತ ಜಾಗದಿಂದ ಕೂದಲೆಳೆ ಸರಿಯುತ್ತವೆ, ಮಿಡಿತ ತಪ್ಪುತ್ತದೆ. ಯಂತ್ರ ಮುಚ್ಚಿ, ಮಸೂರ ಒರೆಸಿ, ಸ್ಟಾಕ್ ಪುಸ್ತಕ ಬರೆದೆ.

5 ಡಿಸೆಂಬರ್, ಗುರುವಾರ

ಲೆಕ್ಕ ಹಾಕಿದೆ. ಹಾಕದಿದ್ದರೆ ಚೆನ್ನಾಗಿತ್ತು.

ಒಂದು ಘನ ಮಿಲಿಮೀಟರ್ ರಾಳವನ್ನು ನುಣುಪಾಗಿ ತುಂಬಬೇಕು ಅಂದುಕೊಳ್ಳೋಣ. ಗೆರೆಯಿಂದ ಗೆರೆಗೆ 0.2 ಮೈಕ್ರಾನ್, ಪದರದಿಂದ ಪದರಕ್ಕೆ ಅರ್ಧ ಮೈಕ್ರಾನ್. ಒಂದು ಪದರಕ್ಕೆ 5,000 ಗೆರೆ, ಒಟ್ಟು 2,000 ಪದರ. ಒಂದೊಂದು ಮಿಲಿಮೀಟರ್ ಉದ್ದದ ಒಂದು ಕೋಟಿ ಗೆರೆ, ಅಂದರೆ ಹತ್ತು ಕಿಲೋಮೀಟರ್. ಸೆಕೆಂಡಿಗೆ ಹತ್ತು ಮಿಲಿಮೀಟರ್ ವೇಗದಲ್ಲಿ ಬರೆದರೆ ಹನ್ನೊಂದೂವರೆ ದಿನ ಹಗಲೂ ರಾತ್ರಿ. ನಮ್ಮ ಒಂದು ಸೂಜಿಗೆ ಸುಮಾರು ಒಂದೂವರೆ ಗಂಟೆ, ನೂರಕ್ಕೆ ಆರು ದಿನ. ಆರು ದಿನ ಎಡೆಬಿಡದೆ ಕರೆಂಟು ಇರುವ ವಾರ ನನಗಂತೂ ನೆನಪಿಲ್ಲ. ಯುಪಿಎಸ್ ಅಷ್ಟು ಹೊತ್ತು ತಡೆಯುವುದಿಲ್ಲ.

ದಾರಿ ಹಳೆಯದೇ ಇದೆ. ಒಸಾಕಾದಲ್ಲಿ ಸತೋಶಿ ಕವಾಟಾ ಅವರ ತಂಡ 2001ರಲ್ಲಿ ಇದೇ ವಿಧಾನದಿಂದ ಒಂದು ಗೂಳಿ ಮಾಡಿತು. ಹತ್ತು ಮೈಕ್ರಾನ್ ಉದ್ದ, ಏಳು ಮೈಕ್ರಾನ್ ಎತ್ತರ, ಕೊಂಬು ಬಾಲ ಎಲ್ಲ ಸ್ಪಷ್ಟ. ಕೆಂಪು ರಕ್ತಕಣಕ್ಕಿಂತ ತುಸು ಉದ್ದ, ಅಷ್ಟೆ. ಲೇಸರಿನಿಂದ ಗೂಳಿಯ ಚರ್ಮ ಮಾತ್ರ ಬರೆದು, ಒಳಗೆ ಸಿಕ್ಕಿಕೊಂಡ ಹಸಿ ರಾಳವನ್ನು ಆಮೇಲೆ ಸಾಮಾನ್ಯ ನೇರಳಾತೀತ ದೀಪದಡಿ ಗಟ್ಟಿ ಮಾಡಿದರು. ಆ ಗೂಳಿಯ ಚಿತ್ರ ಎಲ್ಲರ ಸ್ಲೈಡಿನಲ್ಲೂ ಇರುತ್ತದೆ. ಚರ್ಮ ಮಾತ್ರ ಬರೆದ ಸಂಗತಿಯನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ದೊಡ್ಡದು.

ನಮ್ಮ ಸೂಜಿಗೆ ಐದು ಮೈಕ್ರಾನ್ ದಪ್ಪದ ಹೊರಪದರ ಸಾಕು. ಬರೆಯಬೇಕಾದ್ದು ನೂರಕ್ಕೆ ಹದಿನೈದು ಪಾಲಿಗೆ ಇಳಿಯಿತು. ಆರು ದಿನ ಹೋಗಿ ಒಂದು ದಿನಕ್ಕಿಂತ ತುಸು ಕಡಿಮೆ. ಶನಿವಾರ ಸಂಜೆ ಹಚ್ಚಿದರೆ ಭಾನುವಾರ ಇಳಿಸಬಹುದು. ಆ ಹೊತ್ತಿನಲ್ಲಿ ಕಟ್ಟಡದ ಬೇರೆ ಯಂತ್ರಗಳೂ ಓಡುವುದಿಲ್ಲ, ಕರೆಂಟೂ ಅಷ್ಟು ಕಾಡುವುದಿಲ್ಲ.

10 ಡಿಸೆಂಬರ್, ಮಂಗಳವಾರ

ಸ್ಟಾಕ್‌ಹೋಮಿನಲ್ಲಿ ನೊಬೆಲ್ ಕೊಡುವ ದಿನ. ಚಹಾಕ್ಕೆ ಕೂತಾಗ ಹುಡುಗರು 2018ರ ವಿಷಯ ತೆಗೆದರು. ಜೆರಾರ್ ಮೂರೂ ಮತ್ತು ಡೊನಾ ಸ್ಟ್ರಿಕ್ಲೆಂಡ್ ಅವರದು ನಮ್ಮ ಮನೆಯ ಪ್ರಶಸ್ತಿ. 1985ರಲ್ಲಿ ಅವರು ಕಂಡುಕೊಂಡದ್ದು ಕಿರಿದಾದ ಮಿಡಿತವನ್ನು ಮೊದಲು ಎಳೆದು ಉದ್ದ ಮಾಡಿ, ಆಮೇಲೆ ಬಲ ತುಂಬಿ, ಕೊನೆಗೆ ಮತ್ತೆ ಒತ್ತುವ ಉಪಾಯ. ನೇರವಾಗಿ ಬಲ ತುಂಬಹೋದರೆ ಯಂತ್ರದ ಹರಳೇ ಹಾಳಾಗುತ್ತಿತ್ತು. ಕಣ್ಣಿನ ಲೇಸರಿಗೆ ಈ ಉಪಾಯ ಬೇಕಾಯಿತು. ನಮ್ಮ ರಾಳದ ಕೆಲಸಕ್ಕೆ ಅಷ್ಟು ಬಲವೂ ಬೇಡ.

ಆ ವರ್ಷದ ಪ್ರಶಸ್ತಿಯ ಇನ್ನರ್ಧ ಆರ್ಥರ್ ಆಶ್ಕಿನ್ ಅವರಿಗೆ, ಬೆಳಕಿನ ಚಿಮುಟಕ್ಕಾಗಿ. ಬೆಳಕಿನಿಂದ ಕೋಶವನ್ನು ಹಿಡಿದೆತ್ತುವ ಆ ಚಿಮುಟಕ್ಕೂ ಫೆಮ್ಟೊಸೆಕೆಂಡ್ ಮಿಡಿತ ಜೋಡಿಸಿ ಐಐಟಿ ಕಾನ್ಪುರದಲ್ಲಿ ದೇಬಬ್ರತ ಗೋಸ್ವಾಮಿಯವರ ತಂಡ ಕೆಲಸ ಮಾಡುತ್ತಿದೆ.

ನನಗೆ ನೆನಪಾಗುವುದು ಇವರಿಗಿಂತ ಹಿಂದಿನವಳು, ಮರಿಯಾ ಗೊಪರ್ಟ್-ಮೇಯರ್. ಗಾಟಿಂಗನ್‌ನಲ್ಲಿ ಮ್ಯಾಕ್ಸ್ ಬಾರ್ನ್ ಅವರ ವಿದ್ಯಾರ್ಥಿನಿ. ಒಂದು ಅಣು ಎರಡು ಫೋಟಾನುಗಳನ್ನು ಒಟ್ಟಿಗೇ ನುಂಗಬಲ್ಲದು ಎಂದು ಡಾಕ್ಟರೇಟ್ ಪ್ರಬಂಧದಲ್ಲಿ ಲೆಕ್ಕ ಹಾಕಿ ತೋರಿಸಿದಳು, 1931ರಲ್ಲಿ ಅಚ್ಚಾಯಿತು. ಪರೀಕ್ಷಿಸಿ ನೋಡಲು ಅಷ್ಟು ದಟ್ಟವಾದ ಬೆಳಕೇ ಇರಲಿಲ್ಲ. ಲೇಸರ್ ಬಂದ ಮೇಲೆ, 1961ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ ಒಂದು ಹರಳು ಕೆಂಪು ಬೆಳಕನ್ನು ನುಂಗಿ ನೀಲಿ ಸೂಸಿದಾಗಲೇ ಅದು ಕಣ್ಣಿಗೆ ಕಂಡದ್ದು. ಮೂವತ್ತು ವರ್ಷ! ಅಷ್ಟೂ ಕಾಲ ಅಮೆರಿಕದಲ್ಲಿ ಬಹುಪಾಲು ಸಂಬಳವಿಲ್ಲದೆ ದುಡಿದಳು, ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1960ರಲ್ಲಿ. 1963ರಲ್ಲಿ ನೊಬೆಲ್ ಬಂತು, ಅದೂ ಪರಮಾಣು ಬೀಜದ ಬೇರೆ ಕೆಲಸಕ್ಕೆ. ಸ್ಯಾನ್ ಡಿಯಾಗೋದ ಪತ್ರಿಕೆ ಊರಿನ ತಾಯಿಯೊಬ್ಬಳಿಗೆ ನೊಬೆಲ್ ಎಂದು ತಲೆಬರಹ ಕೊಟ್ಟಿತಂತೆ. ಸ್ಟ್ರಿಕ್ಲೆಂಡ್ ತನ್ನ ಪ್ರಬಂಧದಲ್ಲಿ ಇವಳನ್ನು ಉಲ್ಲೇಖಿಸಿದ್ದಾಳೆ, ಅಷ್ಟರ ಮಟ್ಟಿಗೆ ಸಮಾಧಾನ.

ನಮ್ಮ ಕೋಣೆಯಲ್ಲಿ ನಡೆಯುವುದು ಪೂರ್ತಿ ಅವಳ ಲೆಕ್ಕ. ರಾಳಕ್ಕೆ ಬೇಕಾದದ್ದು 390 ನ್ಯಾನೋಮೀಟರಿನ ಶಕ್ತಿ. ನಾವು ಕೊಡುವುದು 780, ಅದರ ಅರ್ಧ ಶಕ್ತಿ. ಒಂದೊಂದೇ ಫೋಟಾನ್ ಬಂದರೆ ರಾಳ ಕದಲುವುದೇ ಇಲ್ಲ, ಬೆಳಕು ಹಾದುಹೋಗುತ್ತದೆ. ಎರಡು ಜೊತೆಯಾಗಿ ಸಿಗುವಷ್ಟು ದಟ್ಟಣೆ ಮಸೂರದ ನಾಭಿಯಲ್ಲಿ ಮಾತ್ರ. ದಟ್ಟಣೆ ಅರ್ಧವಾದರೆ ಜೊತೆ ಸಿಗುವ ಸಾಧ್ಯತೆ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ರಾಳದ ನಟ್ಟನಡುವೆ ಒಂದೇ ಚುಕ್ಕೆ ಗಟ್ಟಿಯಾಗುತ್ತದೆ, ಅದರ ಮೇಲೂ ಕೆಳಗೂ ಹಸಿಯಾಗಿಯೇ ಉಳಿಯುತ್ತದೆ. ಬೇರೆ ಮುದ್ರಣ ಯಂತ್ರಗಳು ಮೇಲ್ಮೈ ಮೇಲೆ ಪದರ ಹಾಕುತ್ತ ಬರಬೇಕು. ಇದು ಒಳಗೇ ಬರೆಯುತ್ತದೆ. ಕೋಣೆಯಲ್ಲಿ ಹಳದಿ ದೀಪ ಹಾಕಿರುವುದೂ ಇದಕ್ಕೇ, ಟ್ಯೂಬ್‌ಲೈಟಿನ ನೀಲಿ ಬಿದ್ದರೆ ಇಡೀ ಹನಿ ಒಂದೇ ಫೋಟಾನಿಗೆ ಹೆಪ್ಪುಗಟ್ಟಿಬಿಡುತ್ತದೆ.

14 ಡಿಸೆಂಬರ್, ಶನಿವಾರ

ಪತ್ರಿಕೆಯೊಂದರಿಂದ ಒಬ್ಬರು ಬಂದಿದ್ದರು. ಸೂಜಿ ತೋರಿಸಿದೆ, ನೋಡಿದಂತೆ ಮಾಡಿದರು. "ಕಿಡ್ನಿ ಯಾವಾಗ ಪ್ರಿಂಟ್ ಮಾಡ್ತೀರಿ?"

ಕಾಗದ ತೆಗೆದುಕೊಂಡು ಅವರ ಮುಂದೆಯೇ ಲೆಕ್ಕ ಹಾಕಿದೆ. ಮೂತ್ರಪಿಂಡ ಸುಮಾರು 150 ಘನ ಸೆಂಟಿಮೀಟರ್, ಒಂದೂವರೆ ಲಕ್ಷ ಘನ ಮಿಲಿಮೀಟರ್. ನಮ್ಮ ವೇಗದಲ್ಲಿ ನಾಲ್ಕು ಸಾವಿರದ ಏಳುನೂರು ವರ್ಷ. ಇದರ ನೂರು ಪಟ್ಟು ವೇಗ ಸಾಧಿಸಿದವರಿದ್ದಾರೆ. ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2012ರಲ್ಲೇ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕೂ ಚಿಕ್ಕ ರೇಸ್ ಕಾರನ್ನು ನಾಲ್ಕು ನಿಮಿಷದಲ್ಲಿ ಬರೆದರು. ನೂರು ಪಟ್ಟಾದರೂ ನಲವತ್ತೇಳು ವರ್ಷವಾಯಿತು ಎಂದೆ. ಅವರು ಬರೆದುಕೊಳ್ಳಲಿಲ್ಲ.

ಕೋಶದ ಕೆಲಸ ಸುಳ್ಳೆಂದಲ್ಲ. ಹುಡುಗರ ಮೇಲೆ ಸಿಟ್ಟಿನಿಂದ ನಾನು ಆ ಕಡೆ ವಾಲಬಾರದು. ಅದೇ ವಿಯೆನ್ನಾದವರು ಜೀವಂತ ಕೋಶ ತುಂಬಿದ ಜೆಲಾಟಿನ್ ಜೆಲ್ಲಿನೊಳಗೆ ಹಂದರ ಬರೆದಿದ್ದಾರೆ, ಕೋಶಗಳು ಉಳಿದಿವೆ. ಹ್ಯಾನೋವರ್‌ನಲ್ಲಿ ಬೋರಿಸ್ ಚಿಚ್ಕೊವ್ ಮತ್ತು ಅಲೆಕ್ಸಾಂಡರ್ ಒವ್ಸಿಯಾನಿಕೊವ್, ಅಮೆರಿಕದ ರೋಜರ್ ನಾರಾಯಣ್ ಜೊತೆ ಸೇರಿ, ನಡುಗಿವಿಯ ಮೂಳೆಗಳಿಗೆ ಬದಲಿ ಮಾಡಿ ತೋರಿಸಿದರು, 2007ರ ಹೊತ್ತಿಗೆ. ಅಲ್ಲಿನ ಅತಿ ಚಿಕ್ಕ ಮೂಳೆ ಸುಮಾರು ಮೂರು ಮಿಲಿಮೀಟರ್, ಇಂಥ ಕೆಲಸಕ್ಕೆ ಹೇಳಿಮಾಡಿಸಿದ ಗಾತ್ರ. 2004ರಲ್ಲಿ ಮೆಹ್ಮೆತ್ ಫಾತಿಹ್ ಯಾನಿಕ್, ಅಡೆಲಾ ಬೆನ್-ಯಾಕರ್ ಮತ್ತು ಸಂಗಡಿಗರು ಒಂದು ಮಿಲಿಮೀಟರ್ ಉದ್ದದ ಹುಳುವಿನ ದೇಹ ತೆರೆಯದೆಯೇ ಅದರ ಒಂದೊಂದೇ ನರತಂತುವನ್ನು ಈ ಬೆಳಕಿನಿಂದ ಕತ್ತರಿಸಿದರು. ತಂತು ಮತ್ತೆ ಬೆಳೆಯಿತು, ಹಿಂದಕ್ಕೆ ಸರಿಯಲಾಗದಿದ್ದ ಹುಳು ಒಂದು ದಿನದೊಳಗೆ ಸರಿಯಿತು. ನರ ಹೇಗೆ ಕೂಡಿಕೊಳ್ಳುತ್ತದೆ ಎಂದು ನೋಡಲು ಇದಕ್ಕಿಂತ ಸಣ್ಣ ಕತ್ತರಿ ಇಲ್ಲ.

ಇವೆಲ್ಲ ಚಿಕ್ಕದ್ದರಲ್ಲಿ ಗೆದ್ದ ಕೆಲಸಗಳು. ಅಂಗಾಂಗ ಎನ್ನುವ ಹೊತ್ತಿಗೆ ಕಥೆ ಬೇರೆ. ರಕ್ತನಾಳದಿಂದ ಒಂದೆರಡು ನೂರು ಮೈಕ್ರಾನ್ ದೂರವಾದರೆ ಕೋಶ ಬದುಕುವುದಿಲ್ಲ. ಒರಟು ಯಂತ್ರ ಮೈ ಕಟ್ಟಿ, ಈ ಲೇಸರ್ ಸಣ್ಣ ನಾಳಗಳನ್ನಷ್ಟೇ ಕೊರೆಯುವುದಾದರೆ ಒಪ್ಪುತ್ತೇನೆ.

19 ಡಿಸೆಂಬರ್, ಗುರುವಾರ

ಮೊದಲ ಪಟ್ಟಿ ತೊಳೆದು ಒಣಗಿಸಿದೆವು. ಬರೆಯುವುದಕ್ಕಿಂತ ತೊಳೆಯುವುದೇ ಕಷ್ಟ, ಇದನ್ನು ಯಾರೂ ಪ್ರಬಂಧದಲ್ಲಿ ಬರೆಯುವುದಿಲ್ಲ. ಹಸಿ ರಾಳ ಹೋಗಲು ಐಸೊಪ್ರೊಪನಾಲ್. ಆ ದ್ರವ ಆರುವಾಗ ಅದರ ಮೇಲ್ಮೈ ಸೆಳೆತ ಸಣ್ಣ ಕಂಬಗಳನ್ನು ಒಂದರ ಮೇಲೊಂದು ಎಳೆದು ಬೀಳಿಸುತ್ತದೆ. ಹುಡುಗರ ಹಂದರದ ಮಾದರಿ ಹಾಗೇ ಮಲಗಿತು. ಅಂಥದ್ದಕ್ಕೆ ದ್ರವ ಅನಿಲ ಎರಡೂ ಬೇರೆಯಾಗಿ ಉಳಿಯದ ಸ್ಥಿತಿಗೆ ಒಯ್ದು ಒಣಗಿಸಬೇಕು, ಸೆಳೆತವೇ ಹುಟ್ಟದಂತೆ. ಸೂಜಿಗೆ ಬುಡ ಅಗಲ, ನಿಂತಿದೆ. ಗಟ್ಟಿಯಾಗುವಾಗ ರಾಳ ತುಸು ಕುಗ್ಗುತ್ತದೆ, ಅದಕ್ಕೆ ನಕ್ಷೆಯಲ್ಲೇ ಹೆಚ್ಚು ಇಟ್ಟಿದ್ದೆ.

ರಾಳದೊಳಗಿನ ಬೆಳಕು ಹಿಡಿಯುವ ರಾಸಾಯನಿಕದ ಬಗ್ಗೆ ಔಷಧದವರು ತಕರಾರು ತೆಗೆದರು. ಅದು ವಿಷ, ಚರ್ಮದೊಳಗೆ ಬಿಡುವ ಹಾಗಿಲ್ಲ. ರೈಬೊಫ್ಲೇವಿನ್, ಅಂದರೆ ಬಿ2 ವಿಟಮಿನ್, ಅದೇ ಕೆಲಸ ಮಾಡಬಲ್ಲದು ಎಂದು ನಾರಾಯಣ್ ಅವರ ತಂಡ ತೋರಿಸಿದೆ. ಆದರೆ ನಮಗೆ ಆ ಗೊಡವೆಯೇ ಬೇಡ. ಲೇಸರ್ ಬರೆದ ಸೂಜಿ ಚರ್ಮಕ್ಕೆ ಹೋಗಬೇಕಾದ್ದೇ ಇಲ್ಲ, ಅದು ಅಚ್ಚು ತೆಗೆಯಲು ಮಾತ್ರ.

7 ಜನವರಿ 2025, ಮಂಗಳವಾರ

ಬರೆದ ಪಟ್ಟಿಯ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಗಾಳಿ ತೆಗೆದೆವು. ಗಟ್ಟಿಯಾದ ಮೇಲೆ ಬಿಡಿಸಿದರೆ ನೂರು ಗುಂಡಿಗಳ ಅಚ್ಚು. ಮೂಲಪಟ್ಟಿ ಹಾಗೇ ಉಳಿಯಿತು, ಇನ್ನಷ್ಟು ಅಚ್ಚುಗಳನ್ನು ಅದರಿಂದಲೇ ತೆಗೆಯಬಹುದು. ಹುಡುಗಿ, "ಇಷ್ಟಕ್ಕೆ ಲೇಸರ್ ಯಾಕೆ, ಲೇತ್ ಸಾಲದಾ?" ಎಂದಳು. ಒಂದೆರಡು ಮೈಕ್ರಾನ್ ತುದಿ, ಬುಡದಿಂದ ಮೇಲಕ್ಕೆ ಬೇಕಾದ ಬಾಗು, ಬೇಕೆಂದರೆ ಪಕ್ಕಕ್ಕೆ ಮುಳ್ಳು, ಇವನ್ನು ಲೇತಿನಲ್ಲಿ ತೆಗೆಯಲಿ ನೋಡೋಣ. 1998ರಲ್ಲಿ ಜಾರ್ಜಿಯಾ ಟೆಕ್‌ನ ಮಾರ್ಕ್ ಪ್ರಾಸ್ನಿಟ್ಜ್ ತಂಡ ಸಿಲಿಕಾನಿನಲ್ಲಿ ಇಂಥ ಸೂಜಿ ಕೆತ್ತಿದ್ದು ಚಿಪ್ ಮಾಡುವ ವಿಧಾನದಿಂದ. ಅಲ್ಲಿ ಆಕಾರ ಬದಲಿಸಬೇಕೆಂದರೆ ಎಲ್ಲ ಮೊದಲಿನಿಂದ. ನಮಗೆ ಫೈಲ್ ತಿದ್ದಿದರೆ ಆಯಿತು.

14 ಜನವರಿ, ಮಂಗಳವಾರ. ಮದ್ದೂರು

ಸಂಕ್ರಾಂತಿ. ಅಮ್ಮ ಸಕ್ಕರೆ ಅಚ್ಚು ಮಾಡುವುದನ್ನು ಬಿಟ್ಟಿಲ್ಲ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ದಾರ ಕಟ್ಟಿ, ಪಾಕ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಆನೆ, ಕಬ್ಬಿನ ಜಲ್ಲೆ, ತುಳಸಿಕಟ್ಟೆ. ಕೆತ್ತಿದವನು ಯಾವ ಕಾಲದಲ್ಲಿ ಎಷ್ಟು ದಿನ ಕೂತನೋ, ಮನೆಯಲ್ಲಿ ವರ್ಷವರ್ಷವೂ ಅದರಿಂದಲೇ. ನಮ್ಮ ಕೆಲಸವೂ ಅಕ್ಷರಶಃ ಇದೇ. ರಬ್ಬರ್ ಅಚ್ಚಿಗೆ ನಾವು ಹೊಯ್ಯುವುದೂ ಮಾಲ್ಟೋಸ್ ಸಕ್ಕರೆ ಮತ್ತು ನೀರಿನಲ್ಲಿ ಕರಗುವ ಪಾಲಿಮರ್. ಅಮ್ಮನಿಗೆ ಹೇಳಿದೆ. "ಅಷ್ಟು ಸಣ್ಣದರಲ್ಲಿ ಗುಳ್ಳೆ ಬಿದ್ದರೆ ಗೊತ್ತಾಗೋದು ಹೇಗೆ?" ಎಂದು ಕೇಳಿದಳು. ಔಷಧದವರು ಕಳೆದ ವಾರ ಕೇಳಿದ ಪ್ರಶ್ನೆಯೂ ಅದೇ.

23 ಜನವರಿ, ಗುರುವಾರ. ಬೆಂಗಳೂರು

ಸಕ್ಕರೆ ಸೂಜಿ ಚುಚ್ಚಿ ನೋಡಿದೆವು. ಚರ್ಮದ ಬದಲಿಗೆ ಪ್ಯಾರಾಫಿಲ್ಮ್ ಎಂಟು ಪದರ. ಒಂದೊಂದು ಪದರ ಸುಮಾರು 127 ಮೈಕ್ರಾನ್. ಹೆಬ್ಬೆರಳಿನಿಂದ ಒತ್ತಿ ಬಿಡಿಸಿ ನೋಡಿದರೆ ತೂತುಗಳು ಎರಡು ಪದರ ದಾಟಿ ಮೂರನೆಯದರಲ್ಲಿ ನಿಂತಿದ್ದವು. ಅಂಚಿನ ಸಾಲಿನ ಕೆಲವು ಸೂಜಿಗಳಲ್ಲಿ ಗುಳ್ಳೆ ಇತ್ತು, ಅವು ಮುರಿದವು. ಗಾಳಿ ತೆಗೆಯುವ ಹೊತ್ತು ಹೆಚ್ಚಿಸಬೇಕು. ಅದು ಪಂಪಿನ ವಿಷಯ.

ದಡಾರ ಮತ್ತು ರುಬೆಲ್ಲಾ ಲಸಿಕೆಯ ಇಂಥ ಪಟ್ಟಿಯನ್ನು ಗ್ಯಾಂಬಿಯಾದಲ್ಲಿ ದೊಡ್ಡವರಿಗೂ ಅಂಬೆಗಾಲಿಡುವ ಮಕ್ಕಳಿಗೂ ಕೂಸುಗಳಿಗೂ ಅಂಟಿಸಿ ನೋಡಿದ ವರದಿ ಕಳೆದ ವರ್ಷ ಲ್ಯಾನ್ಸೆಟ್‌ನಲ್ಲಿ ಬಂತು. ಸುರಕ್ಷಿತವಾಗಿತ್ತು, ಸೂಜಿಮದ್ದಿನಂತೆಯೇ ಪ್ರತಿಕಾಯಗಳೂ ಹುಟ್ಟಿದವು. ಹಾಗಾಗಿ ಪಟ್ಟಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ನಮ್ಮದಲ್ಲ. ನಮ್ಮ ಸಕ್ಕರೆಯಲ್ಲಿ ಒಣಗಿದ ಲಸಿಕೆ ರಾಯಚೂರಿನ ಮೇ ತಿಂಗಳ ಸೆಕೆಯಲ್ಲಿ ಎಷ್ಟು ವಾರ ಸತ್ವ ಉಳಿಸಿಕೊಳ್ಳುತ್ತದೆ, ಮಳೆಗಾಲದ ಮಂಗಳೂರಿನಲ್ಲಿ ಸೂಜಿ ಮೆತ್ತಗಾಗುತ್ತದೆಯೇ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮುರಿಯುತ್ತದೆಯೇ, ಇವು ಮುಂದಿನ ಪ್ರಶ್ನೆಗಳು. ಒಂದಕ್ಕೂ ಲೇಸರ್ ಉತ್ತರ ಕೊಡುವುದಿಲ್ಲ.

ವರದಿ ಬರೆದು ಮೇಡಂಗೆ ಕಳಿಸಿದೆ. ಸೂಜಿಪಟ್ಟಿಯಲ್ಲಿ ಲೇಸರಿನ ಪಾಲು ಒಂದು ಮೂಲಪಟ್ಟಿ, ಅದು ತಯಾರಿದೆ, ಆಕಾರ ಬದಲಾದರೆ ಹೊರತು ಇನ್ನೊಂದು ಬೇಡ. ಸೋಮವಾರದಿಂದ ಯಂತ್ರ ಕೋಶದ ಹುಡುಗರಿಗೆ.